ನಡೆಸ್ಕೊಂಡು ಬರ್ತೀನಿ ಅಂದ ಹರಕೆ

ಹರಕೆ ಹೊತ್ತ ದಿನ ನನ್ನ ಬಾಯಿಂದ ಒಂದು ‘ಸ’ ಹೆಚ್ಚಿಗೆ ಬಿತ್ತು. ನಡ್ಕೊಂಡು ಬರ್ತೀನಿ ಅನ್ನಬೇಕಾಗಿತ್ತು, ನಡೆಸ್ಕೊಂಡು ಬರ್ತೀನಿ ಅಂದುಬಿಟ್ಟೆ. ನಾನು ಓದಿದ್ದು ಮೂರನೇ ಕ್ಲಾಸು. ಒಂದು ಅಕ್ಷರಕ್ಕೆ ಇಷ್ಟು ತೂಕ ಇರುತ್ತದೆ ಅಂತ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ.

ಅದು ಶಿವಾಜಿನಗರದ ಕಡೆಯ ಹೆರಿಗೆ ಆಸ್ಪತ್ರೆ. ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಬಾಗಿಲಲ್ಲಿ ಒಂದು ಸಲ ತೋರಿಸಿ ಒಳಗೆ ಒಯ್ದರು. ಅಷ್ಟರಲ್ಲೇ ನಾನು ನೋಡಬೇಕಾದ್ದನ್ನೆಲ್ಲ ನೋಡಿಕೊಂಡೆ: ಎಳೆ ಹೀರೇಕಾಯಿಯಷ್ಟು ಮೈ, ತಲೆ ತುಂಬ ಕಪ್ಪು ಕೂದಲು, ಬಾಯಿ ತೆರೆದು ಯಾರನ್ನೋ ಬೈಯುತ್ತಿರುವ ಮುಖ. ಅಯ್ಯೋ, ಆ ಬೈಯುವ ಮುಖದ ಚಂದ ನಾನು ಹೇಗೆ ಹೇಳಲಿ! ಲೋಕದಲ್ಲಿ ಅದಕ್ಕೆ ಮುಂಚೆ ಯಾರಿಗೂ ಮೊಮ್ಮಗು ಹುಟ್ಟಿಯೇ ಇರಲಿಲ್ಲವೇನೋ ಅನ್ನುವ ಹಾಗೆ ನಕ್ಕೆ. ದಾದಿ ತಿರುಗಿ ನೋಡಿದಳು.

‘ಇನ್ನೂ ನಗ್ಬೇಡಿ ಅಜ್ಜಿ. ಗಾಜಿನ ಪೆಟ್ಟಿಗೇಲಿ ಇಡ್ಬೇಕು. ಉಳ್ಕೊಂಡ್ರೆ ಹೇಳ್ತೀವಿ.’

ಉಳ್ಕೊಂಡ್ರೆ ಅನ್ನುವ ಮಾತು ಕೇಳಿದ್ದೇ ನನಗೆ ದೇವರ ನೆನಪಾಯಿತು. ನಮ್ಮದು ಹಲಸೂರಿನ ಹಳೇ ಒಕ್ಕಲು, ತಿರುಪತಿ ತಿಮ್ಮಪ್ಪನಿಗೆ ನಡೆದುಕೊಳ್ಳುವ ಮನೆತನ. ಆ ಕಾರಿಡಾರಿನಲ್ಲಿ ಬೆಟ್ಟ ಯಾವ ದಿಕ್ಕಿಗಿದೆ ಅಂತ ಗೊತ್ತಾಗದೆ ಲಿಫ್ಟಿನ ಬಾಗಿಲಿಗೇ ಕೈಮುಗಿದು ಗಟ್ಟಿಯಾಗಿ ಕೂಗಿದೆ: ‘ತಿಮ್ಮಪ್ಪಾ, ಈ ಕೂಸು ಉಳೀಲಿ. ನಿನ್ನ ಬಾಗಿಲಿಗೆ ನಡೆಸ್ಕೊಂಡು ಬರ್ತೀನಿ.’

ಬಾಯಿ ತಪ್ಪಿತೋ, ಇಲ್ಲ ಆಸೆಯೇ ಮುಂದೆ ಓಡಿ, ಆ ಹೀರೇಕಾಯಿ ಲಂಗ ತೊಟ್ಟು ನನ್ನ ಬೆರಳು ಹಿಡಿದು ನಡೆಯುವುದು ಕಣ್ಣಿಗೆ ಕಟ್ಟಿತೋ, ನನಗೆ ಈಗಲೂ ಗೊತ್ತಿಲ್ಲ. ಆದರೆ ಪಕ್ಕದಲ್ಲೇ ಗಾಲಿ ಮಂಚದ ಮೇಲೆ ಸೊಸೆ ಮಲಗಿದ್ದಳು. ಅವಳು ಕೇಳಿಸಿಕೊಂಡಳು. ಲಿಫ್ಟಿನವನೂ ಕೇಳಿಸಿಕೊಂಡ. ‘ಮೇಲಕ್ಕಾ ಕೆಳಕ್ಕಾ ಅಮ್ಮಾ?’ ಅಂದ.

ಕೂಸು ಉಳಿಯಿತು. ಮನೆಗೆ ತಂದ ದಿನ ಮರ್ಫಿ ಟೌನಿನ ನಮ್ಮ ಗಲ್ಲಿಯಲ್ಲಿ ನಾನು ಮಾಡಿದ ಗದ್ದಲಕ್ಕೆ ಎದುರುಮನೆಯ ತಮಿಳಮ್ಮ, ‘ಅಕ್ಕಾ, ನೀವೇ ಹೆತ್ತಿದ್ದಾ?’ ಅಂತ ಕೇಳಿದರು. ಮನೆ ಬಾಗಿಲಲ್ಲೇ ನನ್ನ ಇಡ್ಲಿ ವ್ಯಾಪಾರ; ಕೊಳ್ಳಲು ಬಂದವರಿಗೆಲ್ಲ ಮೊದಲು ಮಗು ತೋರಿಸಿ ಆಮೇಲೆ ಇಡ್ಲಿ ಕಟ್ಟಿಕೊಡುತ್ತಿದ್ದೆ. ಹಲ್ಲು ಬಂತು, ಮಾತು ಬಂತು. ಮಾತಂತೂ ಎಂಥ ಮಾತು! ನನ್ನನ್ನು ‘ಏ ಅಜ್ಜಿ’ ಅಂತಲೇ ಕರೆಯುತ್ತಿದ್ದಳು, ಹೋಟೆಲಿನವನನ್ನು ಕರೆದ ಹಾಗೆ.

ನಡಿಗೆ ಮಾತ್ರ ಬರಲಿಲ್ಲ. ಅವಳ ವಯಸ್ಸಿನ ಮಕ್ಕಳು ಗಲ್ಲಿಯಲ್ಲಿ ಬಿದ್ದು ಎದ್ದು ಓಡುವಾಗ ಇವಳು ಕುಂಡಿಯ ಮೇಲೆ ಜರುಗುತ್ತಾ ಹೊಸಿಲವರೆಗೆ ಬಂದು ನೋಡುತ್ತಾ ಕೂರುವಳು. ಒಂದು ಪಾದ ಸ್ವಲ್ಪ ಒಳಕ್ಕೆ ತಿರುಗಿತ್ತು. ಕಾಲುಗಳು ಬಿಗಿ. ಡಾಕ್ಟರಿಗೆ ತೋರಿಸಿದಲ್ಲೆಲ್ಲ, ಬೇಗ ಹುಟ್ಟಿದ ಮಗು, ನಡೆಯುವುದು ತಡವಾಗುತ್ತದೆ, ಕಾದು ನೋಡಿ ಅಂದರು. ಕಾದೆವು. ಎತ್ತಿ ನಿಲ್ಲಿಸಿದರೆ ಖುಷಿಯಿಂದ ಕಾಲು ಚಾಚಿ ನೆಲ ಒದೆಯುತ್ತಿದ್ದಳು, ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಕುಸಿಯುತ್ತಿದ್ದಳು.

ನನ್ನ ಸೊಸೆ ಕಲಬುರಗಿ ಕಡೆಯವಳು. ಅವಳ ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದು ನಮ್ಮ ಹಿಂದಿನ ಗಲ್ಲಿಯಲ್ಲೇ ಬಾಡಿಗೆಗಿದ್ದರು, ನನ್ನ ಮಗ ಕಂಡು ಮೆಚ್ಚಿ ತಂದದ್ದು. ಮಾತು ಕಡಿಮೆ, ಆದರೆ ಹಿಡಿದದ್ದನ್ನು ಬಿಡುವವಳಲ್ಲ. ಒಂದು ದಿನ ಹಿಟ್ಟು ರುಬ್ಬುತ್ತಾ ಇದ್ದಾಗ ಬಂದು ಎದುರಿಗೆ ಕೂತಳು.

‘ಅತ್ತಿ, ಕೂಸು ಯಾಕ ನಡೀವಲ್ದು ಗೊತ್ತದೇನ್ರಿ? ನೀವು ದೇವರಿಗಿ ನಡಸ್ಕೊಂಡು ಬರ್ತೀನಿ ಅಂದ್ರಿ. ನಡಸಿಲ್ಲ. ಅದಕ್ಕ ದೇವರು ಕಾಲು ಹಿಡಕೊಂಡು ಕುಂತಾನ.’

‘ಲೇ, ನಾನು ನಡ್ಕೊಂಡು ಬರ್ತೀನಿ ಅಂದದ್ದು ಕಣೇ.’

‘ಇಲ್ರಿ. ನಡಸ್ಕೊಂಡು ಅಂದ್ರಿ. ನಾ ಕೇಳೀನಿ.’

‘ನಡೆಯೋಕೆ ಬಾರದ ಕೂಸನ್ನ ಹೆಂಗೆ ನಡೆಸ್ಲಿ?’

‘ಅದು ಅನ್ನೂಕಿಂತ ಮೊದ್ಲ ಯೋಚನಿ ಮಾಡಬೇಕಾಗಿತ್ರಿ.’

ಆಟೋ ತೊಳೆಯುತ್ತಿದ್ದ ಮಗ ಬಾಗಿಲಿನಿಂದಲೇ, ‘ಅಮ್ಮಾ, ಆಟೋದಲ್ಲಿ ಬರ್ತೀನಿ ಅಂದಿದ್ರೆ ಎಲ್ಲಾ ಮುಗ್ದೋಗ್ತಿತ್ತಲ್ಲ’ ಅಂದ. ಇಬ್ಬರೂ ಸೇರಿ ಅವನನ್ನು ಬೈದೆವು. ಅದೊಂದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿತ್ತು.

ಆ ‘ಸ’ದ ಜಗಳ ಮನೆಯಲ್ಲಿ ತೀರಲಿಲ್ಲ. ಹಲಸೂರಿನಲ್ಲಿ ಒಬ್ಬ ದಾಸಯ್ಯ ಇದ್ದರು. ಶಂಖ, ಜಾಗಟೆ ಹಿಡಿದು ಪ್ರತಿವರ್ಷ ಧನುರ್ಮಾಸದಲ್ಲಿ ತಂಡ ಕಟ್ಟಿಕೊಂಡು ತಿರುಪತಿಗೆ ನಡೆದು ಹೋಗುವವರು. ಅವರ ಹತ್ತಿರ ಹೋಗಿ ಇಬ್ಬರೂ ನಮ್ಮ ನಮ್ಮ ಪಕ್ಷ ಹೇಳಿದೆವು. ಅವರು ಮಗುವಿನ ಕಾಲನ್ನು ಮುಟ್ಟಿ ನೋಡಿದರು, ನನ್ನ ಮುಖ ನೋಡಿದರು.

‘ಆಡಿದ ಮಾತು ಆಡಿದ್ದೇ ತಾಯಿ. ಇವಳನ್ನ ಹೊತ್ಕೊಂಡೇ ನಡೀರಿ, ತಪ್ಪೇನಿಲ್ಲ. ಆದ್ರೆ ಒಂದೊಂದು ಊರು ದಾಟೋವಾಗ್ಲೂ ಇಳಿಸಿ. ಅಂಗಾಲು ನೆಲಕ್ಕೆ ಊರಿಸಿ, ರಟ್ಟೆ ಹಿಡ್ಕೊಂಡು ನಾಲ್ಕು ಹೆಜ್ಜೆ ಇಡ್ಸಿ. ಚಪ್ಪಲಿ, ಕಾಲುಚೀಲ ಬೇಡ. ಅವನ ಲೆಕ್ಕಕ್ಕೆ ಅದೂ ನಡಿಗೇನೇ.’

ಸೊಸೆಯ ಮುಖ ಅರಳಿತು. ನನಗೂ ಹಗುರಾಯಿತು. ನಾಲ್ಕು ಹೆಜ್ಜೆ ತಾನೇ ಅಂದುಕೊಂಡೆ.

ಹೊರಟ ದಿನ ಬೆಳಗ್ಗೆಯೇ ಮಳೆ. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಬೆಂಗಳೂರಿಗೂ ಬರುತ್ತದೆ ಅಂತ ಮಗ ಫೋನಿನಲ್ಲಿ ತೋರಿಸಿದ್ದ. ‘ಮುಂದಿನ ವರ್ಷ ಹೋಗಿ’ ಅಂತ ಎರಡು ಸಲ ಹೇಳಿ, ಹೆಂಡತಿಯ ಮುಖ ನೋಡಿ ಸುಮ್ಮನಾಗಿದ್ದ. ಅದು ರಪರಪನೆ ಹೊಡೆದು ನಿಲ್ಲುವ ಮಳೆಯಾಗಿರಲಿಲ್ಲ. ಬೂದಿ ಬಣ್ಣದ ಆಕಾಶದಿಂದ ಜರಡಿಯಲ್ಲಿ ಸೋಸಿದ ಹಾಗೆ ಸಣ್ಣಗೆ, ತಣ್ಣಗೆ, ಬಿಡುವಿಲ್ಲದೆ ಬೀಳುತ್ತಿತ್ತು. ನಾವೆಲ್ಲ ಅರಿಶಿನದ ನೀರಿನಲ್ಲಿ ಅದ್ದಿದ ಹಳದಿ ಬಟ್ಟೆ ಉಟ್ಟು ಬರಿಗಾಲಲ್ಲಿ ನಿಂತೆವು. ಮಳೆ ತಡೆಯಲು ತಲೆಯ ಮೇಲೆ ಸಿಮೆಂಟು ಚೀಲದ ಗೊಪ್ಪೆ. ದಾಸಯ್ಯ ಶಂಖ ಊದಿದರು. ನೀರು ಹೊಕ್ಕಿತ್ತೋ ಏನೋ, ಶಂಖ ಗೊರಗೊರ ಅಂತು.

ಸೊಸೆ ಹಳೇ ಸೀರೆಯಿಂದ ಬೆನ್ನಿಗೆ ಜೋಳಿಗೆ ಕಟ್ಟಿ ಮಗುವನ್ನು ಕೂರಿಸಿಕೊಂಡಿದ್ದಳು, ಅದರ ಮೇಲೆ ಊಟದ ಮೇಜಿಗೆ ಹಾಸುವ ಹೂವಿನ ಚಿತ್ರದ ಪ್ಲಾಸ್ಟಿಕ್ಕು. ಒಳಗಿನಿಂದ ಮಗು ಮೂಗು ಮಾತ್ರ ಹೊರಗಿಟ್ಟು ಎಲ್ಲರಿಗೂ ಅಪ್ಪಣೆ ಕೊಡುತ್ತಿತ್ತು. ತಂಡದಲ್ಲಿ ಹಲಸೂರಿನ ಹೂ ಮಾರುವ ಹೆಂಗಸೊಬ್ಬಳಿದ್ದಳು, ದಪ್ಪಗೆ, ಬಾಯಿ ಜೋರು.

‘ಏನ್ ಅಜ್ಜಿ, ಪಾರ್ಸಲ್ ತಿಮ್ಮಪ್ಪನಿಗಾ?’

‘ಪಾರ್ಸಲ್ ಅಲ್ಲ ಕಣೇ, ನಮ್ಮ ಚೇರ್ಮನ್ನು.’

‘ಚೇರ್ಮನ್ರೇ, ಮಳೆ ನಿಲ್ಸೋಕೆ ಆರ್ಡರ್ ಹಾಕಿ.’

‘ನಿಲ್ಲೂ!’ ಅಂತ ಪ್ಲಾಸ್ಟಿಕ್ಕಿನೊಳಗಿಂದ ಕೂಗು ಬಂತು. ತಂಡವೆಲ್ಲ ನಕ್ಕಿತು. ಮಳೆ ನಿಲ್ಲಲಿಲ್ಲ.

ಇಂದಿರಾನಗರದ ಅಂಚಿನಲ್ಲಿ ಹಳೇ ಮದರಾಸು ರಸ್ತೆ ಹಿಡಿದು ಮೆಟ್ರೋ ಕಂಬಗಳ ಕೆಳಗೆ ನಡೆದೆವು. ಮೇಲೆ ಸೂರು ಇದ್ದರೂ ಅದರ ಸಂದಿಗಳಿಂದ ಮಳೆಗಿಂತ ದಪ್ಪ ಹನಿ ಬೀಳುತ್ತಿತ್ತು. ಟಿನ್ ಫ್ಯಾಕ್ಟರಿ ಹತ್ತಿರ ರಸ್ತೆಯೇ ಕಾಣಲಿಲ್ಲ. ಕಪ್ಪು ನೀರಿನಲ್ಲಿ ಮೊಣಕಾಲವರೆಗೆ ಇಳಿದು, ಗುಂಡಿ ಎಲ್ಲಿದೆ ಅಂತ ಮುಂದಿನವರ ಸೊಂಟ ನೋಡಿ ತಿಳಿದುಕೊಂಡು ನಡೆದೆವು. ಬಸ್ಸು ಹೋದಾಗಲೆಲ್ಲ ಅಲೆ ಬಂದು ತೊಡೆಗೆ ಬಡಿಯುತ್ತಿತ್ತು. ಯಾರೋ ಬೈಕಿನವನು, ‘ಗುರು, ಇವರ್ಯಾರೋ ಈಜ್ಕೊಂಡೇ ತಿರುಪತಿಗೆ ಹೋಗ್ತಾವ್ರೆ ನೋಡೋ’ ಅಂದ. ಬಟ್ಟೆಯ ಅರಿಶಿನ ಬಿಟ್ಟು ನಮ್ಮ ಕಾಲ ಮೇಲೆಲ್ಲ ಹಳದಿ ಗೆರೆಗಳು ಇಳಿಯುತ್ತಿದ್ದವು.

ಕೆ.ಆರ್. ಪುರಂ ದಾಟುವಾಗ ಕೆರೆಯ ಪಕ್ಕ ಮೊದಲ ಸಲ ಮಗುವನ್ನು ಇಳಿಸಿದೆವು. ದಾಸಯ್ಯ ಜಾಗಟೆ ಹೊಡೆದರು. ನಾನು ಒಂದು ರಟ್ಟೆ, ಸೊಸೆ ಒಂದು ರಟ್ಟೆ. ಬರಿಯ ಪುಟ್ಟ ಪಾದಗಳು ಒದ್ದೆ ಟಾರಿನ ಮೇಲೆ ಊರಿದವು. ಮಗು ಕಿಲಕಿಲ ನಕ್ಕು ನೀರನ್ನು ಒದೆಯಿತು. ‘ಗೋವಿಂದಾ!’ ಅಂತ ಎಲ್ಲರೂ ಕೂಗಿದರು. ನನಗೆ ತಡೆಯಲಾಗಲಿಲ್ಲ, ರಸ್ತೆಯಲ್ಲೇ ಕೂತು ಆ ಪಾದಗಳಿಗೆ ಮುತ್ತು ಕೊಟ್ಟೆ. ಮಂಜುಗಡ್ಡೆಯಷ್ಟು ತಣ್ಣಗಿದ್ದವು. ಅದು ಆಗಲೇ ನನ್ನ ತುಟಿಗೆ ಗೊತ್ತಾಗಿತ್ತು. ತಲೆಗೆ ಗೊತ್ತಾಗಲು ಬಹಳ ದೂರ ನಡೆಯಬೇಕಾಯಿತು.

ಹೊಸಕೋಟೆಯಿಂದಾಚೆ ಬಯಲು. ಊರೊಳಗಿನ ಮಳೆ ಒಂದು, ಬಯಲಿನ ಮಳೆ ಇನ್ನೊಂದು. ಅಲ್ಲಿ ಗಾಳಿ ಅದನ್ನು ಅಡ್ಡಡ್ಡ ತಂದು ಕಿವಿಯೊಳಗೆ ಹಾಕುತ್ತದೆ. ಲಾರಿಗಳು ಪಕ್ಕದಲ್ಲೇ ಹಾದು ಕೆಸರಿನ ಗೋಡೆಯನ್ನೇ ಎಬ್ಬಿಸಿ ಮೈಮೇಲೆ ಕೆಡವುತ್ತಿದ್ದವು. ಹೂವಿನಾಕೆಯ ಬಾಯಿ ಕೂಡ ಮುಚ್ಚಿತ್ತು. ‘ಗೋವಿಂದಾ’ ಅನ್ನುವುದು ಕೂಗಾಗಿ ಉಳಿಯದೆ ಹಲ್ಲು ಕಡಿಯುವ ಸದ್ದಾಯಿತು.

ಇಳಿದುಕೊಂಡಲ್ಲೆಲ್ಲ ನೆಲ ಒದ್ದೆ. ಒಂದು ಊರಿನ ಶಾಲೆಯ ಜಗುಲಿ, ಇನ್ನೊಂದು ಕಡೆ ಕಲ್ಯಾಣ ಮಂಟಪದ ಊಟದ ಕೋಣೆ. ಸೌದೆ ಹೊತ್ತದೆ ಹೊಗೆ ಮಾತ್ರ ಬರುತ್ತಿತ್ತು. ತಣ್ಣನೆಯ ಚಿತ್ರಾನ್ನ ನುಂಗಿ, ಒದ್ದೆ ಸೀರೆಯ ಹಿಂಡಿದ ಭಾಗ ನೋಡಿ ಸುತ್ತಿಕೊಂಡು ಮಲಗುತ್ತಿದ್ದೆವು. ನನ್ನ ಅಂಗಾಲು ನೆನೆದು ನೆನೆದು ಬೆಂದ ಆಲೂಗಡ್ಡೆಯ ಹಾಗಾಗಿತ್ತು, ಉಜ್ಜಿದರೆ ಸಿಪ್ಪೆ ಬರುತ್ತಿತ್ತು. ಹೂವಿನಾಕೆಯ ಹಿಮ್ಮಡಿ ಸೀಳಿ ರಕ್ತ ನಿಲ್ಲದೆ, ಅವಳನ್ನು ಬಸ್ಸು ಹತ್ತಿಸಿ ಹಿಂದಕ್ಕೆ ಕಳಿಸಿದರು. ಹೋಗುವಾಗ ಅವಳು ಮಗುವಿನ ಕೆನ್ನೆ ಮುಟ್ಟಿ, ‘ಅಜ್ಜಿ, ಮಗೂಗೆ ಮೈ ಬಿಸಿ ಇದ್ದಂಗದೆ’ ಅಂದಳು. ಸೊಸೆ, ‘ಬೆನ್ನಿನ ಬಿಸಿ ಅದು’ ಅಂದಳು. ನಾನೂ ಹಾಗೇ ಅಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೂ ಆಸೆಯಿತ್ತು.

ಊರಿಂದೂರಿಗೆ ಇಳಿಸುತ್ತಲೇ ಬಂದೆವು. ಮೊದಮೊದಲು ನಗುತ್ತಿದ್ದ ಮಗು ನಗುವುದು ಬಿಟ್ಟಿತು. ಆಮೇಲೆ ಜೋಳಿಗೆಯ ಗಂಟು ಬಿಚ್ಚುವಾಗಲೇ ಅಳತೊಡಗಿತು. ಜಾಗಟೆಯ ಸದ್ದು ಕೇಳಿದರೆ ಸಾಕು, ಅಮ್ಮನ ಕುತ್ತಿಗೆಗೆ ಉಗುರು ಊರಿ ಅಂಟಿಕೊಳ್ಳುತ್ತಿತ್ತು.

ಕೋಲಾರ ದಾಟುವಾಗ ಇಳಿಸಿದೆವಲ್ಲ, ಅದು ನನ್ನ ಕಣ್ಣಿನಿಂದ ಹೋಗುವುದಿಲ್ಲ. ರಟ್ಟೆ ಹಿಡಿದು ತೂಗುಹಾಕಿದರೆ ಮಗು ಎರಡೂ ಕಾಲನ್ನು ಹೊಟ್ಟೆಗೆ ಎಳೆದುಕೊಂಡಿತು. ನೆಲಕ್ಕೆ ಬಿಡಲೊಲ್ಲದು. ಇಷ್ಟು ದಿನ, ಬಾರದ ನಡಿಗೆಯಾದರೂ, ನೆಲ ಕಂಡರೆ ಕಾಲು ಚಾಚುತ್ತಿದ್ದ ಮಗು! ಸೊಸೆ ಒಂದು ಮೊಣಕಾಲು ಹಿಡಿದು ಕೆಳಕ್ಕೆ ಎಳೆದಳು. ಇನ್ನೊಂದನ್ನು ನಾನು ಎಳೆದೆ. ಇಬ್ಬರು ಹೆಂಗಸರು, ರಸ್ತೆಯ ಮೇಲೆ ಬಗ್ಗಿ, ಒಂದು ಮುಷ್ಟಿ ಕೂಸಿನ ಕಾಲನ್ನು ಕೆಸರಿಗೆ ಒತ್ತುತ್ತಿದ್ದೇವೆ, ಮೇಲಿಂದ ಮಳೆ, ಪಕ್ಕದಲ್ಲಿ ಜಾಗಟೆ. ಮಗು, ‘ಏ ಅಜ್ಜಿ, ಬ್ಯಾಡ’ ಅಂತು. ಅಷ್ಟೇ. ಅತ್ತು ಹೇಳಲಿಲ್ಲ, ಸುಸ್ತಾಗಿ ಹೇಳಿತು.

ನನ್ನ ಕೈ ಬಿಟ್ಟುಹೋಯಿತು. ನಡೆಸುತ್ತೇವೆ ಅಂತ ಹೊರಟು, ನೆಲ ಅಂದರೆ ಹೆದರುವುದನ್ನು ಈ ಕೂಸಿಗೆ ಕಲಿಸುತ್ತಿದ್ದೇವಲ್ಲ ಅಂತ ಆಗ ಅನ್ನಿಸಿತು. ಆದರೂ ಅಲ್ಲಿಂದಲೇ ತಿರುಗಲಿಲ್ಲ. ಅರ್ಧ ದಾರಿಯಲ್ಲಿ ಬಿಟ್ಟ ಹರಕೆ ಹಾವಿನ ಹಾಗೆ ಮನೆಗೇ ಬರುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದರು. ಆ ಮಾತಿಗೆ ಹೆದರಿ ಇನ್ನೂ ನಡೆದೆ.

ಮುಳಬಾಗಿಲು ಇನ್ನೂ ಮುಂದಿತ್ತು. ಮಧ್ಯಾಹ್ನ ಆಗಿದ್ದರೂ ಲಾರಿಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಜೋಳಿಗೆಯನ್ನು ಆಗ ನಾನು ಹೊತ್ತಿದ್ದೆ. ಬೆನ್ನಿಗೆ ಮಗುವಿನ ಉಸಿರು ಗೊತ್ತಾಗುತ್ತಿತ್ತು. ಓಡಿ ಬಂದ ನಾಯಿಮರಿಯ ಹಾಗೆ ಸಣ್ಣಗೆ, ಬೇಗಬೇಗ, ಪ್ರತಿ ಉಸಿರಿನ ಕೊನೆಗೆ ಒಂದು ನರಳಿಕೆ. ಬಸ್ ನಿಲ್ದಾಣದ ತಗಡಿನ ಕೆಳಗೆ ಇಳಿಸಿ ಅಂಗಿ ಎತ್ತಿ ನೋಡಿದೆ. ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ಮೈ ಕಾದ ಹೆಂಚು. ಕಣ್ಣು ತೆರೆದಿದ್ದರೂ ನನ್ನನ್ನು ನೋಡಲಿಲ್ಲ. ‘ಏ ಅಜ್ಜಿ’ ಅನ್ನಲಿಲ್ಲ.

‘ವಾಪಸ್ ಹೋಗೋಣ’ ಅಂದೆ.

ಸೊಸೆ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ‘ಏನಂತೀರಿ ಅತ್ತಿ? ಹೊಳ್ಳಿ ಹೋದ್ರ ದೇವರು ಸುಮ್ಕ ಬಿಡ್ತಾನೇನ್ರಿ? ಪರೀಕ್ಷಾ ಮಾಡ್ಲತ್ತಾನವ. ಇನ್ನ ಸ್ವಲ್ಪ ದೂರ. ಮುಂದಿನ ಊರಾಗ ಕಾಲು ಊರಿಸಿ, ಡಾಕ್ಟರಿಗಿ ತೋರಸಣ.’

‘ಇನ್ನು ಇವಳ ಕಾಲು ನೆಲಕ್ಕೆ ಊರ್ಸಲ್ಲ ಕಣೇ.’

‘ಅಂದದ್ದು ನೀವ. ನಡಸ್ಕೊಂಡು ಬರ್ತೀನಂತ ಅಂದದ್ದು ನೀವ!’ ಅವಳು ಕಿರುಚಿದಳು. ಮಳೆಯ ನೀರೋ ಕಣ್ಣೀರೋ, ಗಲ್ಲದಿಂದ ಮಗುವಿನ ತಲೆಯ ಮೇಲೆ ಇಳಿಯುತ್ತಿತ್ತು. ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವಳಿಗೆ ಆ ದೇವರು ಬಿಟ್ಟರೆ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

ದಾಸಯ್ಯನ ಕಡೆ ನೋಡಿದೆ. ಅವರು ಶಂಖವನ್ನು ಎದೆಗೊತ್ತಿಕೊಂಡು ನಿಂತಿದ್ದರು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

‘ನೀವೇ ಹೇಳಿ ಸ್ವಾಮಿ.’

‘ಮಾತು ನಿಂದು ತಾಯಿ. ನಾನು ಶಂಖ ಊದೋನು. ಹೋಗು ಅಂದ್ರೂ ಕಷ್ಟ, ಬಾ ಅಂದ್ರೂ ಕಷ್ಟ.’

ಸರಿ ಬಿಡಿ, ಮಾತು ನಂದೇ. ಬೆಟ್ಟ ಇರುವ ಕಡೆಗೆ, ಆ ಬೂದಿ ಮಳೆಯ ಕಡೆಗೆ ತಿರುಗಿ ನಿಂತೆ. ಈ ಸಲ ದಿಕ್ಕು ಗೊತ್ತಿತ್ತು.

‘ತಿಮ್ಮಪ್ಪಾ, ನಡೆಸ್ಕೊಂಡು ಬರ್ತೀನಿ ಅಂದೋಳು ನಾನು. ಮುರಿಯೋಳೂ ನಾನೇ. ಇವಳ ತಾಯಿ ಮುರೀಬೇಡ ಅಂದ್ಲು, ನೀನೇ ಕೇಳಿಸ್ಕೊಂಡಿದ್ದೀಯ. ಕೂಸು ಏನೂ ಅಂದಿಲ್ಲ. ಬರೋದಿದ್ರೆ ನನ್ನ ಮೇಲೆ ಬಾ. ನನ್ನ ಕಾಲು ತಗೋ, ಕಣ್ಣು ತಗೋ. ಇವಳ ಹತ್ರ ಮಾತ್ರ ಬರ್ಬೇಡ.’

ದೇವರ ಹತ್ತಿರ ಅಷ್ಟು ಒರಟಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಆಮೇಲೆ ಸೊಸೆಯ ಕೈಯಿಂದ ಮಗುವನ್ನು ಬಿಡಿಸಿಕೊಂಡೆ. ಅವಳು ಬಿಡಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ರಸ್ತೆ ದಾಟಿ ಆ ಬದಿಗೆ ಹೋಗಿ, ಬೆಂಗಳೂರಿಗೆ ಹೋಗುವ ಗಾಡಿಗಳಿಗೆ ಕೈ ಅಡ್ಡ ಹಾಕಿದೆ. ಸೊಸೆ ಹಿಂದೆಯೇ ಬಂದಳು. ಬರದೆ ಏನು ಮಾಡುತ್ತಾಳೆ, ಮಗು ನನ್ನ ಹತ್ತಿರ ಇತ್ತು.

ನಿಂತದ್ದು ಶಿವಾಜಿನಗರದ ಮಾರ್ಕೆಟ್ಟಿಗೆ ಟೊಮೇಟೊ ಒಯ್ಯುವ ಟೆಂಪೊ. ಓಡಿಸುತ್ತಿದ್ದ ಸಾಬರು ಮಗುವನ್ನು ನೋಡಿ ಏನೂ ಕೇಳದೆ ಪಕ್ಕದ ಸೀಟಿನ ಚೀಲಗಳನ್ನು ಹಿಂದಕ್ಕೆ ಎಸೆದರು. ‘ಬೈಠೋ ಅಮ್ಮಾ, ಬೇಗ ಬೈಠೋ. ಬಚ್ಚೀಗೆ ಇದು ಸುತ್ತಿ’ ಅಂತ ಕತ್ತಿನ ಮಫ್ಲರು ತೆಗೆದುಕೊಟ್ಟರು. ಕೋಲಾರದಲ್ಲಿ ಆಸ್ಪತ್ರೆಯ ಮುಂದೆ ನಿಲ್ಲಿಸಿ ಕಾದರು. ಅಲ್ಲಿ ಮಗುವಿಗೆ ಮೂಗಿಗೆ ಮದ್ದಿನ ಹೊಗೆ ಹಿಡಿಸಿ, ಸೂಜಿ ಕೊಟ್ಟು, ಹುಟ್ಟಿದಾಗಿನಿಂದ ತೋರಿಸುತ್ತಿರುವ ಬೆಂಗಳೂರಿನ ಆಸ್ಪತ್ರೆಗೇ ತಡಮಾಡದೆ ಒಯ್ಯಿರಿ ಅಂದರು. ಮತ್ತೆ ಟೆಂಪೊ. ಗಾಜಿನ ಮೇಲೆ ಒರಸುವ ಕಡ್ಡಿ ಕಿರ್ ಕಿರ್ ಅಂತ ಆಡುತ್ತಿತ್ತು. ನಾನು ಮಗುವಿನ ಉಸಿರನ್ನು ಕಿವಿಯಿಟ್ಟು ಕೇಳುತ್ತಾ, ನಿಂತರೆ ಗೊತ್ತಾಗಲಿ ಅಂತ ನನ್ನ ಉಸಿರನ್ನೇ ಹಿಡಿದುಕೊಳ್ಳುತ್ತಿದ್ದೆ.

ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಕೆ.ಆರ್. ಪುರಂ ಸೇತುವೆಯ ಮೇಲೆ ಗಾಡಿಗಳು ಅಂಟಿಕೊಂಡು ನಿಂತಾಗ, ಟೆಂಪೊ ಹತ್ತಿದ ಮೇಲೆ ಮೊದಲ ಮಾತು ಆಡಿದಳು.

‘ಇದಕ್ಕ ಏನರ ಆದ್ರ, ದೇವರ ಮುಂದ ನಿಮ್ಮ ಹೆಸರ ಹೇಳ್ತೀನ್ರಿ ನಾ.’

‘ಹೇಳಮ್ಮ’ ಅಂದೆ. ‘ನಾನೂ ಅದನ್ನೇ ಹೇಳಿ ಬಂದಿದ್ದೀನಿ.’

ಸಾಬರು ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿನ ಬಟ್ಟೆ ಬಿಚ್ಚಿದ ದಾದಿ ಗಾಬರಿಯಾದಳು. ಎದೆ, ಹೊಟ್ಟೆ, ತೊಡೆ ಎಲ್ಲ ಹಳದಿ. ‘ಕಾಮಾಲೆ ಇದೆಯಲ್ರೀ ಮಗೂಗೆ! ಎಷ್ಟು ದಿನದಿಂದ?’ ಡಾಕ್ಟರು ಓಡಿ ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿದರು. ಸೊಸೆ ಸೆರಗಿನ ತುದಿಯಿಂದ ಮಗುವಿನ ಹೊಟ್ಟೆ ಒರಸಿ ತೋರಿಸಿದಳು. ‘ಅರಿಶಿಣರಿ. ನಮ್ಮ ಸೀರಿ ಬಣ್ಣ ಬಿಟ್ಟದ.’ ಹೇಳುತ್ತಾ ಹೇಳುತ್ತಾ ಅಲ್ಲೇ ಕುಸಿದು ಕೂತಳು. ಡಾಕ್ಟರು ನಮ್ಮಿಬ್ಬರ ಬಟ್ಟೆ, ನಮ್ಮ ಕಾಲು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎದೆಗೆ ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ಮೂಗಿಗೆ ನಳಿಕೆ ಹಾಕಿ ಗಾಳಿ ಕೊಟ್ಟರು. ಮಗ ಆಟೋ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಇದ್ದ. ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು, ಸೊಸೆ ಇರುತ್ತಿದ್ದಳು. ಅವಳು ಹೊರಗೆ ಬಂದರೂ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ನಾನು ತಂದ ಗಂಜಿಯನ್ನು ಗಂಡನ ಕೈಯಿಂದ ಇಸಿದುಕೊಳ್ಳುತ್ತಿದ್ದಳು. ಮಳೆ ಇನ್ನೂ ಹೊರಗೆ ಬೀಳುತ್ತಿತ್ತು. ನಾನು ದೇವರನ್ನು ಏನೂ ಕೇಳಲಿಲ್ಲ. ಕೇಳಲು ಬಾಯಿ ತೆರೆದರೆ ಮತ್ತೇನು ಹೇಳಿಬಿಡುತ್ತೇನೋ ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಒಂದು ಬೆಳಗ್ಗೆ ಬಾಗಿಲ ಸಂದಿಯಿಂದ ಕೇಳಿಸಿತು. ‘ಏ ಅಜ್ಜಿ ಎಲ್ಲಿ?’

ಕಾವಲಿನವನು ತಡೆಯುವ ಮೊದಲೇ ನಾನು ಒಳಗಿದ್ದೆ. ನಳಿಕೆಯ ನಡುವೆ ಆ ಬೈಯುವ ಮುಖ! ಅಪ್ಪಾ, ತಂದೇ, ನಾನು ಅಲ್ಲೇ ಕುಣಿದೆ, ಸಿಪ್ಪೆ ಎದ್ದ ಅಂಗಾಲಲ್ಲಿ ಕುಣಿದೆ. ಪಕ್ಕದ ಮಂಚಗಳ ತಾಯಂದಿರೆಲ್ಲ ನಕ್ಕರು. ಸೊಸೆ ನಗಲಿಲ್ಲ, ಆದರೆ ಜರುಗಿ ನನಗೆ ಮಂಚದ ಮೇಲೆ ಜಾಗ ಬಿಟ್ಟಳು.

ಅಲ್ಲಿದ್ದಾಗಲೇ ಡಾಕ್ಟರು ಕಾಲನ್ನೂ ನೋಡಿದರು. ಇಷ್ಟು ದಿನ ಕಾದದ್ದು ಸಾಕು, ವ್ಯಾಯಾಮ ಮಾಡಿಸಬೇಕು, ಪಾದಕ್ಕೆ ಪಟ್ಟಿಯ ಬೂಟು ಹಾಕಬೇಕು ಅಂದರು. ಬೂಟು ಬಂತು. ಕಲಿಸಿಕೊಟ್ಟ ಹಾಗೆ ಕಾಲು ಎಳೆಯುವುದು, ಮಡಿಸುವುದು, ತಿರುಗಿಸುವುದು ನಾವಿಬ್ಬರೂ ಸರದಿಯಲ್ಲಿ ಮಾಡಿದೆವು. ಕಾಲು ಸಡಿಲವಾಯಿತು. ಆದರೆ ನಿಲ್ಲಿಸಲು ಹೋದರೆ ಮಗು ಎರಡೂ ಕಾಲನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿತ್ತು, ಕೋಲಾರದಲ್ಲಿ ಮಾಡಿದ ಹಾಗೆಯೇ. ಒಣ ನೆಲ, ಬಿಸಿಲು ಕಾಯಿಸಿದ ಚಾಪೆ, ನನ್ನ ತೊಡೆ, ಯಾವುದಕ್ಕೂ ಊರಲೊಲ್ಲದು. ಬೇಸಿಗೆ ಕಳೆಯಿತು, ಮುಂಗಾರು ಬಂದು ಹೋಯಿತು. ಡಾಕ್ಟರು, ‘ಕಾಲಲ್ಲಿ ತೊಂದರೆ ಇಲ್ಲ ಅಜ್ಜಿ, ಮನಸ್ಸಲ್ಲಿದೆ, ಬಲವಂತ ಮಾಡ್ಬೇಡಿ’ ಅಂದರು. ಆ ಮನಸ್ಸಿಗೆ ಅದನ್ನು ಹಾಕಿದವರು ಯಾರು ಅಂತ ಅವರು ಕೇಳಲಿಲ್ಲ. ಸೊಸೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ರಾತ್ರಿ ಮಲಗಿದರೆ ನನಗೆ ಹಾವು ಬರುವ ಕನಸು.

ಬಲವಂತ ಮಾಡಲಿಲ್ಲ. ಹೊಸಿಲ ಮೇಲೆ ಬೂಟು ಹಾಕಿ ಕೂರಿಸಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದೆವು.

ಅದೊಂದು ದಿನ ಎದುರುಮನೆಯ ತಮಿಳಮ್ಮ ಹುಂಜ ತಂದು ಕಾಲಿಗೆ ದಾರ ಕಟ್ಟಿ ಗಲ್ಲಿಯಲ್ಲಿ ಬಿಟ್ಟಿದ್ದರು. ಕೆಂಪು ಹುಂಜ, ಸೊಕ್ಕು ಬಹಳ. ಅದು ಬಂದು ಮಗುವಿನ ತಟ್ಟೆಯ ಇಡ್ಲಿಯನ್ನೇ ಕುಕ್ಕಿ ಎತ್ತಿಕೊಂಡು ಹೋಯಿತು. ನನ್ನ ಮೊಮ್ಮಗಳು ಅಂಥದ್ದನ್ನು ಬಿಡುವವಳೇ? ‘ಏ ಕೋಳೀ!’ ಅಂದಳು. ಬಾಗಿಲ ಚೌಕಟ್ಟು ಹಿಡಿದಳು. ಎದ್ದಳು. ನಾನು ಇಡ್ಲಿ ಪಾತ್ರೆಯ ಮುಚ್ಚಳ ಕೈಯಲ್ಲಿ ಹಿಡಿದವಳು ಹಾಗೇ ನಿಂತೆ, ಉಗಿ ಮುಖಕ್ಕೆ ಹೊಡೆಯುತ್ತಿದ್ದರೂ ಅಲುಗಾಡಲಿಲ್ಲ. ಒಂದು ಬೂಟು ಗಲ್ಲಿಗೆ ಇಳಿಯಿತು. ಇನ್ನೊಂದು ಇಳಿಯಿತು. ಕೈ ಚೌಕಟ್ಟನ್ನು ಬಿಟ್ಟಿತು. ಕುಡಿದವರ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಾ, ಬೈಯುತ್ತಾ, ಹುಂಜದ ಹಿಂದೆ ಹೋದಳು. ನಿಲ್ಲಲೇ ಇಲ್ಲ. ಗಲ್ಲಿ ತಿರುಗಿ ದೊಡ್ಡ ರಸ್ತೆಯ ಕಡೆಗೇ ಹೊರಟಳು.

ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಸೊಸೆ ತಲೆ ಎತ್ತಿದಳು. ಕೈಯಲ್ಲಿದ್ದ ಬಟ್ಟೆ ಬಿತ್ತು.

‘ಅತ್ತೀ! ರಸ್ತಾಕ ಹೊಂಟದ ನೋಡ್ರಿ ಕೂಸು! ಓಡ್ರಿ, ಹಿಡೀರಿ!’

ಮುಚ್ಚಳ ಎಸೆದು ಓಡಿದೆ. ಸೊಸೆ ಸೋಪಿನ ಕೈಯಲ್ಲೇ ನನ್ನ ಹಿಂದೆ ಓಡಿ ಬಂದು ನನ್ನ ಸೆರಗು ಜಗ್ಗಿದಳು. ಅಳುತ್ತಿದ್ದಳು, ನಗುತ್ತಿದ್ದಳು.

‘ಬ್ಯಾಡ್ರಿ ಅತ್ತಿ, ಬ್ಯಾಡ್ರಿ, ಹಿಡೀಬ್ಯಾಡ್ರಿ! ನೀವು ಮುಂದ ಹೋಗಿ ಗಾಡಿ ನಿಂದರಸ್ರಿ!’